ಮುದಕಪ್ಪ ಹೋದ ಗಂಡಿ

ಹೂಲಿಯ ಕುರುಬರ ಓಣಿಯಲ್ಲಿ ಕಾಯುವುದನ್ನೇ ಒಂದು ಕಸುಬು ಮಾಡಿಕೊಂಡ ಹೆಂಗಸು ಯಾರೆಂದು ಕೇಳಿದ್ದರೆ, ಯಾರೂ ಎರಡು ಮಾತಿಲ್ಲದೆ ರಾಯವ್ವನ ಮನೆ ತೋರಿಸುತ್ತಿದ್ದರು. ಅದು ಅವಳಿಗೆ ಹುಟ್ಟಿನಿಂದ ಬಂದ ಗುಣವೇನಲ್ಲ. ಗಂಡ ಮುದಕಪ್ಪ ಕಲಿಸಿದ್ದು. ಅವನು ಕುರಿ ಕಾಯುವವನು. ದೀಪಾವಳಿ ಮುಗಿದದ್ದೇ ತಡ, ಹಿಂಡು ಎಬ್ಬಿಸಿಕೊಂಡು ಪಡುವಣ ಸೀಮೆಯ ಕಡೆ ಹೊರಟುಬಿಡುತ್ತಿದ್ದ. ಮತ್ತೆ ಹೆಗಲಿಗೆ ಕಂಬಳಿ ಹಾಕಿಕೊಂಡು ಓಣಿಯ ತುದಿಯಲ್ಲಿ ಕಾಣಿಸಿಕೊಳ್ಳುತ್ತಿದ್ದದ್ದು ಕಾರಹುಣ್ಣಿಮೆಯ ಹೊತ್ತಿಗೆ. ನಡುವೆ ಸುದ್ದಿಯಿಲ್ಲ, ಸುಳಿವಿಲ್ಲ. ಇದ್ದಾನೋ, ಯಾವುದಾದರೂ ಹಳ್ಳದ ದಂಡೆಯಲ್ಲಿ ಜ್ವರ ಬಂದು ಮಲಗಿದ್ದಾನೋ ಎಂದು ಯಾರನ್ನು ಕೇಳುವುದು?

ಬಂದ ಮೇಲಾದರೂ ಬಾಯಿ ತುಂಬ ಮಾತಾಡಿದನೋ ಎಂದರೆ ಅದೂ ಇಲ್ಲ. ವರ್ಷದ ಮಾತನ್ನೆಲ್ಲ ಕುರಿಗಳ ಹತ್ತಿರವೇ ಆಡಿ ಮುಗಿಸಿ ಬರುತ್ತಿದ್ದನೇನೋ, ಹೆಂಡತಿಯ ಪಾಲಿಗೆ ಉಳಿಯುತ್ತಿದ್ದದ್ದು ಬರೇ ಹ್ಞೂಂ, ಹ್ಞಾಂ. ಬಾಗಿಲಲ್ಲಿ ನಿಂತು "ನೀರ ಕೊಡು" ಅನ್ನುವನು. ಗಟಗಟ ಕುಡಿಯುವನು. ಆಮೇಲೆ ಸೂರಿನ ಕೆಳಗೆ ಉಸಿರು ಕಟ್ಟಿದವರಂತೆ ಮಾಳಿಗೆ ಹತ್ತಿ ಮಲಗುವನು. ಇದನ್ನು ನೋಡಿ ಓಣಿಯ ಹೆಂಗಸರು ರಾಯವ್ವನಿಗೆ ಗಂಡ ಇದ್ದೂ ಇಲ್ಲದ ಹಾಗೆ ಎಂದು ಮರುಗುತ್ತಿದ್ದರು. ಮರುಗುವವರಿಗೇನು, ಗೊತ್ತಿಲ್ಲದ್ದಕ್ಕೆ ಮರುಗುವುದು ಸುಲಭ. ಅವನು ಬರುತ್ತಾನೆ ಎನ್ನುವುದೊಂದೇ ಸಾಕಾಗಿತ್ತು ಅವಳಿಗೆ. ಹುಟ್ಟಿದ ಒಂದೇ ಕೂಸು ಕಣ್ಣು ಬಿಡುವ ಮೊದಲೇ ಹೋಗಿತ್ತು. ಮುಂದೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಕುಳಿತು ಉಣ್ಣೆ ಹಿಂಜುತ್ತ, ನೂಲು ತೆಗೆಯುತ್ತ, ಅವನ ಬರವನ್ನು ನೋಡುತ್ತ ಅವಳ ಹರೆಯ ಕಳೆಯಿತು.

ಪ್ಲೇಗಿನ ವರ್ಷ ಊರಿಗೆ ಊರೇ ಮನೆಗಳಿಗೆ ಕೀಲಿ ಹಾಕಿ ಹೊಲದ ಗುಡಿಸಲು ಸೇರಿತ್ತು. ಆ ವರ್ಷ ಅವಳ ಎದೆ ಹೊಡೆದುಕೊಂಡದ್ದು ರೋಗಕ್ಕಲ್ಲ, ಇವನು ಬಂದು ಬೀಗ ಬಿದ್ದ ಬಾಗಿಲು ನೋಡಿ ತಿರುಗಿ ಹೋದರೆ ಏನು ಗತಿ ಎಂದು. ಮುದಕಪ್ಪ ತಿರುಗಿ ಹೋಗಲಿಲ್ಲ. ಗುಡಿಸಲಿಂದ ಗುಡಿಸಲಿಗೆ ಅಲೆದು, "ನಮ್ಮಾಕಿ ಎಲ್ಲಿ ಅದಾಳ?" ಎಂದು ಕೇಳುತ್ತ ಕೇಳುತ್ತ ಬಂದು ಅವಳ ಗುಡಿಸಲ ಮುಂದೆ ನಿಂತು ನೀರು ಕೇಳಿದ. ಆ ದಿನದಿಂದ ಅವಳಿಗೆ ಒಂದು ನಂಬಿಕೆ ಬೇರು ಬಿಟ್ಟಿತು. ಎಲ್ಲಿದ್ದರೂ, ಏನಾದರೂ, ಅವನು ಹುಡುಕಿಕೊಂಡು ಬರುತ್ತಾನೆ.

ಇಂಥ ಮನುಷ್ಯ ಬಯಲಲ್ಲಿ ಸಾಯಲಿಲ್ಲ, ಹಳ್ಳದ ದಂಡೆಯಲ್ಲಿ ಸಾಯಲಿಲ್ಲ. ಪ್ಲೇಗು ಮುಗಿದು ಎರಡು ಮಳೆಗಾಲ ಕಳೆದ ಮೇಲೆ ಊರಿಗೆ ಬರುವಾಗಲೇ ಮೈ ಕಾದ ಹೆಂಚಾಗಿತ್ತು. ವಾರ ತುಂಬುವುದರೊಳಗೆ ತನ್ನ ಮನೆಯಲ್ಲಿ, ತನ್ನ ಹೆಂಡತಿಯ ಕಣ್ಣೆದುರಿಗೇ ಹೋದ.

ಊರ ಸ್ವಾಮಿ ಗಂಗಯ್ಯ ಪಂಚಾಂಗ ಬಿಚ್ಚಿ ನೋಡಿ ಮುಖ ಸಣ್ಣದು ಮಾಡಿದ.

"ನಕ್ಷತ್ರ ಚೊಲೊ ಇಲ್ಲ. ಪಂಚಕದಾಗ ಹೋಗ್ಯಾನ. ಹೆಣಾ ತಲಬಾಗಲಾ ದಾಟಬಾರದು. ಗ್ವಾಡಿ ಒಡದು ಆ ಗಂಡ್ಯಾಗ ಒಯ್ಯಬೇಕು. ಒಯ್ದ ಕೂಡಲೆ ಗಂಡಿ ಮುಚ್ಚಬೇಕು. ಮನಿ ಮೂರು ತಿಂಗಳ ಬಿಡಬೇಕು" ಎಂದ.

ಅದು ಊರಿಗೆ ಹೊಸದಲ್ಲ. ಗಂಗಯ್ಯ ಬಿಡಿಸಿ ಹೇಳಿದ, ಕೆಟ್ಟ ನಕ್ಷತ್ರದಲ್ಲಿ ಹೋದ ಜೀವಕ್ಕೆ ತಾನು ಹೊರಬಿದ್ದ ದಾರಿ ಮಾತ್ರ ನೆನಪಿರುತ್ತದಂತೆ. ಅದೇ ದಾರಿ ಹಿಡಿದು ಮನೆಗೆ ತಿರುಗಿ ಬರುತ್ತದಂತೆ. ಅಲ್ಲಿ ಕಲ್ಲು ಮಣ್ಣು ಕೂತಿದ್ದರೆ ದಾರಿ ಕಾಣದೆ ನಿಂತು ನಿಂತು ಹೊರಟುಹೋಗುತ್ತದಂತೆ. ತೊಡಕಿದ್ದದ್ದು ಬೇರೆ ಕಡೆ. ಮುದಕಪ್ಪನ ಮನೆಯ ಎಡಕ್ಕೂ ಬಲಕ್ಕೂ ಪರರ ಮನೆಗಳು ಅಂಟಿಕೊಂಡಿದ್ದವು. ಒಡೆಯುವುದಾದರೆ ಹಿತ್ತಲ ಕಡೆಯ ಹಿಂದಿನ ಗೋಡೆಯೊಂದೇ. ಮಾಳಿಗೆಯ ತೊಲೆಗಳ ತುದಿಗಳೆಲ್ಲ ಕೂತಿದ್ದದ್ದೂ ಅದರ ಮೇಲೆಯೇ. ಒಳಗೊಂದು ಹೊರಗೊಂದು ಕಲ್ಲಿನ ಸಾಲು, ನಡುವೆ ಮಣ್ಣು ತುಂಬಿದ, ಮೊಳಗಟ್ಟಲೆ ದಪ್ಪದ ಗೋಡೆ. ಅದಕ್ಕೆ ಹಾರೆ ಹಾಕಬಾರದು ಎನ್ನುವುದು ಹಾಕಿದವರಿಗೂ ಗೊತ್ತಿತ್ತು. ಆದರೆ ಹೆಣ ಮುಂದಿಟ್ಟುಕೊಂಡು ಯಾರು ಲೆಕ್ಕ ಹಾಕುತ್ತ ಕೂಡುತ್ತಾರೆ? ಓಣಿಯ ತುದಿಯ ಮಾಳಪ್ಪ ಮತ್ತು ಇನ್ನು ಕೆಲವರು ಸೇರಿ ಎರಡು ತೊಲೆಗಳ ನಡುವೆ ಒಡೆದರು. ಬೇಕಾದ್ದಕ್ಕಿಂತ ಒಂದೆರಡು ಕಲ್ಲು ಹೆಚ್ಚೇ ಕಳಚಿದವು. ಮಾಳಿಗೆಯ ಮಣ್ಣು ಜರ್ರನೆ ಉದುರಿತು. ಮುದಕಪ್ಪ ಆ ಗಂಡಿಯಲ್ಲಿ ಹಾದು ಹೋದ.

ಕೂಡಲೆ ಮುಚ್ಚಬೇಕಾದ ಗೌಂಡಿ ಮಡಿವಾಳೆಪ್ಪ ಊರಲ್ಲಿರಲಿಲ್ಲ, ತೊರಗಲ್ಲಿನ ಕಡೆ ಕೆಲಸಕ್ಕೆ ಹೋಗಿದ್ದ. ಸದ್ಯಕ್ಕೆ ಎಂದು ಗಂಡಿಗೆ ಜಾಲಿಮುಳ್ಳು ಜಡಿದರು. ಮುಂದಿನ ಬಾಗಿಲಿಗೂ ಮುಳ್ಳು ಬಡಿದು, ರಾಯವ್ವನನ್ನು ಮೈದುನನ ಹೊಲದ ಗುಡಿಸಲಿಗೆ ಕಳಿಸಿದರು. ಹಿಂಡು ಮೈದುನನ ಮಕ್ಕಳ ಪಾಲಾಯಿತು. ಅದರ ಬಗ್ಗೆ ಅವಳು ಚಕಾರ ಎತ್ತಲಿಲ್ಲ.

ಮೂರು ತಿಂಗಳು ಗುಡಿಸಲಲ್ಲಿ ಕುಳಿತು ಅವಳು ಮಾಡಿದ್ದೇನು? ಗಂಗಯ್ಯ ಹೇಳಿದ್ದನ್ನೇ ಮತ್ತೆ ಮತ್ತೆ ನೆನೆದದ್ದು. ಹೋದವನು ಅದೇ ದಾರಿಯಲ್ಲಿ ತಿರುಗಿ ಬರುತ್ತಾನೆ. ಆ ಸ್ವಾಮಿ ಹೆದರಿಸಲೆಂದು ಆಡಿದ ಮಾತು ಇವಳಿಗೆ ಆಸೆಯಾಗಿ ತಾಗಿತ್ತು. ಊರೆಲ್ಲ ಯಾವುದಕ್ಕೆ ಬೆಚ್ಚಿ ಬೀಳುತ್ತದೋ ಅದು ಅವಳ ಪಾಲಿಗೆ ಪ್ರತಿ ವರ್ಷದ ಸಂಗತಿ. ಹೋಗಿದ್ದಾನೆ, ಬರುತ್ತಾನೆ. ಬರುವ ದಾರಿಯೊಂದು ತೆರೆದಿರಬೇಕು, ಅಷ್ಟೇ.

ಅವಧಿ ಮುಗಿದು ಮನೆಯ ಮುಳ್ಳು ತೆಗೆದ ದಿನ ಮಡಿವಾಳೆಪ್ಪ ಕಲ್ಲು, ಮಣ್ಣು, ಸಾಮಾನು ಹೊಂದಿಸಿಕೊಂಡೇ ಬಂದ. ಗಂಡಿ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ.

"ಯಾರು ಒಡದಾರವಾ ಇದನ್ನ? ಮಾಳಗಿ ಪೂರಾ ಈ ಗ್ವಾಡಿ ಹೆಗಲ ಮ್ಯಾಲ ಕುಂತೈತಿ. ಇಷ್ಟ ದಿನ ನಿಂತದ್ದಽ ದೊಡ್ಡದು. ಇರಲಿ ಬಿಡಕ್ಕಾ, ಸಂಜಿ ಅನ್ನೂದ್ರಾಗ ಮುಚ್ಚಿ ಬಿಡತೇನಿ."

"ಮುಚ್ಚಬ್ಯಾಡ್ರಿ. ಬಾಗಲಾ ಮಾಡ್ರಿ."

"ಏನಂದ್ರಿ?"

"ಬಾಗಲಾ. ಹಿತ್ತಲಕ್ಕ ಹೋಗಾಕ ಬರಾಕ."

ಮಡಿವಾಳೆಪ್ಪ ಕೈಯಲ್ಲಿದ್ದ ಕರಣೆ ಕೆಳಗಿಟ್ಟು ನೆಟ್ಟಗೆ ಗಂಗಯ್ಯನ ಮನೆಗೆ ಹೋದ. ಗಂಗಯ್ಯ ಬಂದ, ಒಳಗೆ ಕಾಲಿಡದೆ ಓಣಿಯಲ್ಲೇ ನಿಂತ. ಅವನ ಹಿಂದೆ ಅರ್ಧ ಓಣಿ ನಿಂತಿತು.

"ರಾಯವ್ವಾ, ಅದು ಹೆಣಾ ಹೋದ ದಾರಿ. ಅಲ್ಲಿ ಬಾಗಲಾ ಇಟ್ಟರ ಅಂವ ತಿರುಗಿ ಬರತಾನ, ತಿಳೀತೇನು?"

"ಬಂದರ ಬರಲಿ ಬಿಡ್ರಿ ಸ್ವಾಮ್ಯಾರ. ಪರರ ಮನಿಗೇನು ಹೋಗೂದಿಲ್ಲಲ್ಲ."

ಅಲ್ಲಿದ್ದವರಲ್ಲಿ ಒಬ್ಬಿಬ್ಬರು ಕೈಮುಗಿದರು, ಯಾರಿಗೆಂದು ಅವರಿಗೂ ಗೊತ್ತಿರಲಿಲ್ಲ. ಬೈದರು, ಬುದ್ಧಿ ಹೇಳಿದರು, ಮೈದುನನನ್ನು ಕರೆಸಿದರು. ರಾಯವ್ವ ಮಾಡಿದ್ದು ಇಷ್ಟೇ. ಗಂಡಿಗೆ ಬೆನ್ನು ಕೊಟ್ಟು ಕುಳಿತು ಉಣ್ಣೆ ಹಿಂಜತೊಡಗಿದಳು. ಮುಚ್ಚಗೊಡುವುದಿಲ್ಲ, ಬಾಗಿಲು ಮಾಡದಿದ್ದರೆ ಗಂಡಿ ಹಾಗೇ ಇರಲಿ ಎಂದಳು. ಹಾಗೇ ಬಿಟ್ಟರೆ ದೊಡ್ಡ ಮಳೆಗೆ ಗೋಡೆ ಕೂರುತ್ತದೆ, ಜೊತೆಗೆ ಎಡಬಲದವರ ಮನೆಗಳನ್ನೂ ಎಳೆದುಕೊಳ್ಳುತ್ತದೆ. ಎಡಮನೆಯ ಶಟ್ಟೆವ್ವ ತಾನೇ ಹೋಗಿ ಮಡಿವಾಳೆಪ್ಪನನ್ನು, "ಏನಾರ ಮಾಡೋ ಎಪ್ಪಾ, ನಮ್ಮ ತಲಿ ಮ್ಯಾಲ ಬೀಳದಾಂಗ ಮಾಡು" ಎಂದು ಬೇಡಿಕೊಂಡಳು. ಶಟ್ಟೆವ್ವ ರಾಯವ್ವನ ಜೀವದ ಗೆಳತಿ. ಇಬ್ಬರ ಒಲೆಗೂ ಒಂದೇ ಬೆಂಕಿ ಅನ್ನುವಷ್ಟು ಕೊಡುಕೊಳ್ಳುವಿಕೆ. ಆದರೂ ಆ ದಿನ ಅವಳು ಒಳಗೆ ಬಂದು ಈ ಮಾತು ಹೇಳಲಿಲ್ಲ.

ಕೆಲಸಕ್ಕಿಂತ ಮೊದಲು ಮಡಿವಾಳೆಪ್ಪ ತೊಲೆಗಳಿಗೆ ಒಳಗಿಂದ ಬೇವಿನ ಕಂಬಗಳ ಆಸರೆ ಕೊಟ್ಟ. ಕಂಬದ ಬುಡಕ್ಕೆ ಹಾಸುಗಲ್ಲು ಇಟ್ಟು, ನೆತ್ತಿಗೆ ಬೆಣೆ ಬಡಿದು, ಭಾರ ಗೋಡೆಯಿಂದ ಕಂಬಕ್ಕೆ ಇಳಿಯಿತು ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ಅಗಲದ ಮಾತು ಬಂತು.

"ಎಷ್ಟ ಅಗಲ ಬೇಕಕ್ಕಾ?"

ರಾಯವ್ವ ಎರಡೂ ತೋಳು ಮುಂದೆ ಚಾಚಿ, ನಡುವೆ ಯಾರೋ ನಿಂತಿದ್ದಾರೆನ್ನುವಂತೆ ಬಳಸಿ ತೋರಿಸಿದಳು. "ಇಷ್ಟು. ಮ್ಯಾಲ ಕಂಬಳಿ ಇರತತಿ" ಎಂದಳು.

ಮಡಿವಾಳೆಪ್ಪ ನೆಲ ನೋಡಿದ. ಮೆಲ್ಲಗೆ, "ಅಷ್ಟು ಗ್ವಾಡಿ ಕೊಡೂದಿಲ್ಲಕ್ಕಾ. ಅಡ್ಡಗಲ್ಲು ಎರಡೂ ಕಡೆ ಒಂದೊಂದು ಮೊಳ ಗ್ವಾಡಿ ಮ್ಯಾಲ ಕುಂದರಬೇಕು. ಇಲ್ಲಂದ್ರ ತೊಲಿ ಇಳೀತಾವು. ಇದರ ಅರ್ಧ ಆದೀತು" ಎಂದ.

"ಅರ್ಧದಾಗ ಅಡ್ಡ ತಿರುಗಿ ಬರಬಹುದಲ್ಲ?"

"ಬರಬಹುದು" ಎಂದ ಅವನು. ಗುಡ್ಡದಿಂದ ಉದ್ದನೆಯ ಕಲ್ಲು ತರಿಸಿ ಮೇಲೆ ಅಡ್ಡ ಕೂರಿಸಿದ. ಎರಡು ಕಡೆಯ ಅಂಚಿಗೆ ಗಟ್ಟಿ ಕಲ್ಲು ಕಟ್ಟಿದ. ಯಾರೂ ಹೇಳದಿದ್ದರೂ ಅಂಚುಗಳನ್ನು ಸಗಣಿ ಮಣ್ಣಿನಿಂದ ದುಂಡಗೆ, ನುಣ್ಣಗೆ ಸಾರಿಸಿದ. ಕಂಬಳಿ ಸಿಕ್ಕಿಕೊಳ್ಳಬಾರದಲ್ಲ. ಕೊನೆಗೆ ಬಡಿಗನಿಂದ ಒಂದು ಕದ ಮಾಡಿಸಿ ನಿಲ್ಲಿಸಿ, ಕೂಲಿಯನ್ನೂ ಹೊರಗೇ ಇಸಿದುಕೊಂಡು ಹೋದ.

ಹೀಗೆ ಹೂಲಿಯಲ್ಲಿ ಯಾರ ಮನೆಗೂ ಇಲ್ಲದ ಬಾಗಿಲು ರಾಯವ್ವನ ಮನೆಗೆ ಬಂತು. ಬಾಗಿಲು ಬಂದ ಮೇಲೆ ಮಂದಿ ಬರುವುದು ನಿಂತಿತು.

ಮೊದಮೊದಲು ಅವಳಿಗೆ ಅದು ಗೊತ್ತಾಗಲಿಲ್ಲ. ಅವಳ ಕಣ್ಣೆಲ್ಲ ಹಿತ್ತಲ ಕಡೆಗೇ ಇತ್ತು. ಹೊತ್ತು ಇಳಿಯುವಾಗ ಕದ ತೆರೆದಿಟ್ಟು, ಬಾಗಿಲ ಬಳಿ ತಂಬಿಗೆ ನೀರು ಇಟ್ಟು, ದೀಪ ಹಚ್ಚುವ ತನಕ ಕುಳಿತುಕೊಳ್ಳುವಳು. ದೀಪಾವಳಿ ಆದ ಮೇಲೆ ಇಷ್ಟು ಆತುರವಿರುತ್ತಿರಲಿಲ್ಲ. ಅದು ಅವನು ಬರುವ ಹಂಗಾಮಲ್ಲ ಎಂದು ಅವಳೇ ಲೆಕ್ಕ ಹಾಕಿಕೊಂಡಿದ್ದಳು. ಕಾರಹುಣ್ಣಿಮೆ ಹತ್ತಿರ ಬಂದಂತೆ ಮೈಯೆಲ್ಲ ಕಿವಿಯಾಗುತ್ತಿತ್ತು. ಹಿತ್ತಲಲ್ಲಿ ಎಲೆ ಸದ್ದಾದರೆ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಲ್ಲುವಳು. ಯಾರದೋ ಆಡು ಬಂದಿರುತ್ತಿತ್ತು. ಒಂದು ಸಲ ಕಾಡುಬೆಕ್ಕು ಬಂದು ತಂಬಿಗೆ ಉರುಳಿಸಿ ಹೋಯಿತು.

ಶಟ್ಟೆವ್ವ ಬೆಂಕಿ ಕೇಳಲು ಬರುತ್ತಿಲ್ಲ ಎನ್ನುವುದು ಅವಳ ಗಮನಕ್ಕೆ ಬಂದದ್ದು ಬಹಳ ದಿನಗಳ ಮೇಲೆ. ಬಾವಿಯ ಹತ್ತಿರ ಸಿಕ್ಕಾಗ ಮಾತಾಡಿಸಿದರೆ ಶಟ್ಟೆವ್ವ ಕೊಡ ಎತ್ತಿಕೊಂಡು, "ಕೆಲಸ ಭಾಳ ಐತಿ ಬೇ" ಎನ್ನುತ್ತ ಹೆಜ್ಜೆ ಕಿತ್ತಳು. ಹಬ್ಬಕ್ಕೆ ಹೋಳಿಗೆ ಮಾಡಿ ಕೊಟ್ಟರೆ ಇಸಿದುಕೊಂಡರು, ತಿಂದರೋ ದನಕ್ಕೆ ಹಾಕಿದರೋ ಯಾರು ಕಂಡರು? ಓಣಿಯ ಹುಡುಗರು ಅವಳ ಹಿತ್ತಲ ಬೇಲಿಯ ಹತ್ತಿರ ಬಂದರೆ ಓಟ ಕೀಳುತ್ತಿದ್ದರು. ಉಣ್ಣೆ ತಂದುಕೊಡುವವನು ಮುಂದಿನ ಕಟ್ಟೆಯ ಮೇಲೆ ಗಂಟು ಇಟ್ಟು, ಕೂಗಿ, ಅವಳು ಹೊರಗೆ ಬರುವಷ್ಟರಲ್ಲಿ ಓಣಿ ದಾಟಿರುತ್ತಿದ್ದ. ಒಬ್ಬಳೇ ಉಂಡಳು, ಒಬ್ಬಳೇ ಮಲಗಿದಳು, ಜ್ವರ ಬಂದರೆ ಒಬ್ಬಳೇ ನರಳಿದಳು. ಮೊದಲೂ ಒಬ್ಬಳೇ ಇದ್ದವಳು, ನಿಜ. ಆದರೆ ಆಗ ಗೋಡೆಯಾಚೆ ಶಟ್ಟೆವ್ವನ ಬೈಗುಳವಾದರೂ ತನ್ನದಾಗಿತ್ತು. ಈಗ ಅದೂ ದೂರದ ಊರಿನದೆಂಬಂತೆ ಕೇಳುತ್ತಿತ್ತು.

ಅಷ್ಟರಲ್ಲಿ ಒಂದು ಸುದ್ದಿ ಹಬ್ಬಿತು. ಮಾಳಪ್ಪನ ಮನೆಯ ಆಳು ಮುಸ್ಸಂಜೆ ದನ ಹೊಡೆದುಕೊಂಡು ಬರುವಾಗ ರಾಯವ್ವನ ಹಿತ್ತಲಲ್ಲಿ ಕಂಬಳಿ ಹೊದ್ದ ಗಂಡಸೊಬ್ಬ ನಿಂತದ್ದನ್ನು ಕಂಡನಂತೆ. ಸುದ್ದಿ ಕಿವಿಗೆ ಬಿದ್ದ ಕೂಡಲೆ ರಾಯವ್ವ ಮಾಡಿದ ಕೆಲಸ ನೋಡಿ. ಆ ಆಳನ್ನು ಹುಡುಕಿಕೊಂಡು ಹೊಲಕ್ಕೇ ಹೋದಳು.

"ಯಾವ ಕಡೆ ಮುಖ ಮಾಡಿ ನಿಂತಿದ್ದರಪ್ಪಾ? ಮನಿ ಕಡೆನೋ, ಹೊರಗಿನ ಕಡೆನೋ?"

ಆಳು ಮುಖ ಬಿಳಿಚಿ, ಬಾರುಕೋಲು ಅಲ್ಲೇ ಒಗೆದು ಓಡಿದ. ಅವನಿಗೆ ಉತ್ತರ ಗೊತ್ತಿರಲಿಲ್ಲ, ಯಾಕೆಂದರೆ ಕಂಡದ್ದೇನೂ ಇರಲಿಲ್ಲ. ಅದು ರಾಯವ್ವನಿಗೂ ಒಳಗೊಳಗೇ ತಿಳಿಯಿತು. ಆದರೂ ಆ ದಿನ ಹೊಲದಿಂದ ಬರುವಾಗ ಅವಳ ನಡಿಗೆ ಹರೆಯದ ಹುಡುಗಿಯ ನಡಿಗೆಯಾಗಿತ್ತು. ಆಮೇಲೆ ಯಾರಾದರೂ ಧೈರ್ಯ ಮಾಡಿ, "ಮುದಕಪ್ಪ ಬರತಾನಂತಲ್ಲ, ಖರೆ ಏನು?" ಎಂದು ಕೇಳಿದರೆ ಇಲ್ಲ ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ. ಸುಮ್ಮನೆ ನಕ್ಕಳು. ಊರು ಅವನು ಬರುತ್ತಾನೆಂದು ನಂಬಿದಷ್ಟು ದಿನ ತನ್ನ ನಂಬಿಕೆಗೊಂದು ಜೊತೆ ಇದ್ದಂತಾಗುತ್ತಿತ್ತು. ಸ್ವಂತಕ್ಕೆ ನಂಬುವುದು ಕಷ್ಟವಾದ ಸಂಜೆಗಳಲ್ಲಿ ಊರಿನ ಹೆದರಿಕೆಯನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಹೀಗೆ ವರ್ಷಗಳು ಉರುಳಿದವು. ಕೂದಲು ಹಿಂಜಿದ ಉಣ್ಣೆಯಾಯಿತು. ಮುದಕಪ್ಪ ಬರಲಿಲ್ಲ.

ಒಂದು ಮುಂಗಾರು, ನಡುಮಧ್ಯಾಹ್ನ, ಮಳೆ ಹನಿಯುತ್ತಿತ್ತು. ಮುಂದಿನ ಬಾಗಿಲಲ್ಲಿ ಯಾರೋ ಕೂಗಿದರು. ನೋಡಿದರೆ ಮಾಳಪ್ಪ. ತಲೆಯ ಮೇಲೆ ಗೋಣಿ ಇಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ, ಕೈಯೆಲ್ಲ ಮಣ್ಣು. ಮುದಕಪ್ಪನನ್ನು ಹೊತ್ತು ಗಂಡಿ ದಾಟಿಸಿದ ಮೇಲೆ ಅವಳ ಮನೆಯ ನೆರಳಿಗೂ ಸುಳಿಯದ ಮನುಷ್ಯ, ಈಗ ಹೊಸ್ತಿಲು ದಾಟಿ ಒಳಗೇ ಬಂದು ನೆಲಕ್ಕೆ ಕುಸಿದ.

"ಅಕ್ಕಾ, ನನ್ನ ಮಗ ಪರಸಪ್ಪ ಹೋದ. ಮುಂಜಾನೆ ಹೋದ."

ಜ್ವರದಲ್ಲಿದ್ದಾನೆ ಎನ್ನುವುದು ಅವಳಿಗೂ ಗೊತ್ತಿತ್ತು. ತಂಬಿಗೆಯ ನೀರು ಅವನ ಮುಂದಿಟ್ಟಳು.

"ಗಂಗಯ್ಯಸ್ವಾಮ್ಯಾರು ನೋಡಿದ್ರು. ಅದಽ ನಕ್ಷತ್ರ. ಹಿಂದಿನ ಗ್ವಾಡಿ ಒಡದು ಒಯ್ದು ಮಣ್ಣಾಗ ಇಟ್ಟು ಬಂದ್ವಿ. ಈಗ ನಮ್ಮ ಸೊಸಿ ಇಂದ್ರವ್ವ ಆ ಗಂಡ್ಯಾಗ ಕುಂತಾಳ. ಮುಚ್ಚಗೊಡವಲ್ಲಳು. ಎರಡೂ ಹುಡುಗರನ್ನ ಹಿಡಕೊಂಡು ಕುಂತಾಳ. 'ರಾಯವ್ವ ದೊಡ್ಡವ್ವನ ಮನ್ಯಾಗ ಬಾಗಲಾ ಐತಿ, ನನಗೂ ಇರಲಿ' ಅಂತಾಳ."

"ಮಡಿವಾಳೆಪ್ಪ ಬಾಗಲಾ ಮಾಡಲಿ ಬಿಡ್ರಿ ಮತ್ತ."

"ಅಂವನಽ ಹೇಳ್ಯಾನ. ಅಲ್ಲಿ ಬಾಗಲಾ ನಿಲ್ಲೂದಿಲ್ಲಂತ. ತೊಲಿ ತುದಿ ಗೆದ್ದಲಾ ತಿಂದೈತಿ. ಕಂಬ ಕೊಟ್ಟರ ಹಸಿ ನೆಲದಾಗ ಇಳ್ಯಾಕ ಹತ್ತೈತಿ. ಈಗಿಂದೀಗ ಕಲ್ಲು ತುಂಬಲಿಲ್ಲಂದ್ರ ಮಾಳಗಿ ಆಕಿ ತಲಿ ಮ್ಯಾಲ ಬೀಳತತಿ. ಎಳದು ತಗಿಯಾಕ ಹೋದರ ಗ್ವಾಡಿಗೆ ತಲಿ ಬಡಕೋತಾಳ. ಯಾರ ಮಾತೂ ಕೇಳವಲ್ಲಳು. ನೀ ಬಂದು ಹೇಳು, ಅಕ್ಕಾ. ನಿನ್ನ ಮಾತು ಕೇಳತಾಳ. ಮುದಕಪ್ಪ ಬರೂದಿಲ್ಲಂತ ಹೇಳು."

ರಾಯವ್ವ ನಿಂತಲ್ಲೇ ನಿಂತಳು. ಬರುವುದಿಲ್ಲ ಎನ್ನುವ ಮಾತನ್ನು ಇಷ್ಟು ವರ್ಷ ಅವಳ ಎದುರಿಗೆ ಯಾರೂ ಆಡಿರಲಿಲ್ಲ. ಅವಳಂತೂ ಕನಸಿನಲ್ಲೂ ಆಡಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಳೆಯಲ್ಲಿ ಅವನ ಹಿಂದೆ ಹೊರಟಳು.

ಮಾಳಪ್ಪನ ಹಿತ್ತಲಲ್ಲಿ ಊರು ನೆರೆದಿತ್ತು. ರಾಯವ್ವ ಬಂದಳೆಂದು ದಾರಿ ಬಿಟ್ಟರು, ಆದರೆ ಹೆದರಿ ಸರಿದದ್ದಲ್ಲ. ಎಲ್ಲರ ಕಣ್ಣೂ ಅವಳ ಬಾಯಿಯ ಮೇಲಿತ್ತು. ಗಂಡಿಯ ನಡುವೆ ಇಂದ್ರವ್ವ ಕುಳಿತಿದ್ದಳು. ಇನ್ನೂ ಎಳೆಯ ಹೆಂಗಸು. ತೊಡೆಯ ಮೇಲೆ ಹಾಲುಗೂಸು, ಬೆನ್ನಿಗೆ ಜೋತುಬಿದ್ದ ಇನ್ನೊಂದು. ಅವಳ ತಲೆಯ ಮೇಲೆ ತೊಲೆ ಕಣ್ಣಿಗೆ ಕಾಣುವಂತೆ ಬಾಗಿತ್ತು. ಮಡಿವಾಳೆಪ್ಪ ಒಂದು ಕಂಬಕ್ಕೆ ಹೆಗಲು ಕೊಟ್ಟು ನಿಂತಿದ್ದ.

"ದೊಡ್ಡವ್ವಾ, ಬಂದ್ಯಾ?" ಇಂದ್ರವ್ವನ ಮುಖ ಅರಳಿತು. "ಹೇಳಬೇ ಇವರಿಗೆ. ನಿನ್ನ ಮನ್ಯಾಗ ದೊಡ್ಡಪ್ಪ ಬರತಾನಲ್ಲ? ಬಾಗಲಾ ಇದ್ದರ ಬರತಾರಲ್ಲ? ಹೇಳು!"

ಹೇಳುವ ಆಸೆ ರಾಯವ್ವನಿಗೆ ಎಷ್ಟಿತ್ತೆಂದು ಯಾರಿಗೆ ಗೊತ್ತು? ಹೌದು ಎಂದುಬಿಟ್ಟರೆ ಈ ಹುಡುಗಿಯ ಕಣ್ಣಲ್ಲಿ ಅವನು ದಿನಾಲೂ ಬಂದವನಾಗುತ್ತಾನೆ. ಇಡೀ ಊರಲ್ಲಿ ತನ್ನಂತೆಯೇ ಬಾಗಿಲು ತೆರೆದು ಕೂಡುವ ಇನ್ನೊಬ್ಬಳು ಸಿಗುತ್ತಾಳೆ. ಎಷ್ಟು ದಿನವಾಗಿತ್ತು ಅವಳನ್ನು ಯಾರಾದರೂ ಹೀಗೆ ದೊಡ್ಡವ್ವಾ ಎಂದು ಕರೆದು! ನಾಲಗೆಯ ತುದಿಗೆ ಬಂದಿತ್ತು ಮಾತು. ಅಷ್ಟರಲ್ಲಿ ತೊಲೆಯ ಸಂದಿನಿಂದ ಹಸಿಮಣ್ಣು ಜಾರಿ ಹಾಲುಗೂಸಿನ ನೆತ್ತಿಯ ಮೇಲೆ ಬಿತ್ತು. ಕೂಸು ಕಿರುಚಿತು.

"ಇಲ್ಲವ್ವಾ" ಎಂದಳು ರಾಯವ್ವ. "ಬಂದಿಲ್ಲ."

"ಮತ್ತ ಊರ ಮಂದಿ ಕಂಡಾರಂತ..."

"ಊರ ಮಂದಿ ಸುಳ್ಳು. ಬ್ಯಾರೆ ಯಾರದೋ ನೆರಳ ಕಂಡು ಹೇಳ್ಯಾರ. ಸುಮ್ಮ ನಕ್ಕೋತ ಕುಂತ ನಾನೂ ಸುಳ್ಳು. ಒಂದು ದಿನಾ ಬಂದಿಲ್ಲ, ಒಂದು ಗುಟುಕು ನೀರಿಗೆ ಬಂದಿಲ್ಲ. ಬಾಗಲಾ ತಗದು ಕುಂತು ಕುಂತು ನನ್ನ ಜೀವ ಸವೀತು. ನನ್ನ ಹಿಂದ ಅಳಾಕ ಒಂದು ಕೂಸಿಲ್ಲ, ಕುಂತೆ. ನಿನಗ ಎರಡು ಅದಾವು. ಬರೂದಿಲ್ಲವ್ವಾ ಅವರು, ಬರೂದಿಲ್ಲ. ಏಳು."

ಇಂದ್ರವ್ವ ಅವಳ ಮುಖ ನೋಡಿದಳು. ಯಾರು ಹೇಳಿದರೂ ನಂಬದಿದ್ದವಳು ಇವಳನ್ನು ನಂಬಿದಳು. ನಂಬಿದ್ದು ತಿಳಿದದ್ದು ಅವಳ ಅಳುವಿನಿಂದ. ಕರುಳು ಕಿತ್ತು ಬಂದಂತೆ ಅತ್ತಳು. ರಾಯವ್ವ ಹಾಲುಗೂಸನ್ನು ಎತ್ತಿಕೊಂಡು, ಇನ್ನೊಂದರ ಕೈ ಹಿಡಿದು, ತಾಯಿಯನ್ನು ಎಬ್ಬಿಸಿ ಹೊರಗೆ ತಂದಳು. ಮಡಿವಾಳೆಪ್ಪ ಕೂಡಲೆ ಕಲ್ಲು ಇಡಲು ಸುರು ಮಾಡಿದ. ಗೋಡೆ ಎದೆಯ ಮಟ್ಟಕ್ಕೆ ಬರುವ ತನಕ ಇಂದ್ರವ್ವ ಅವಳ ತೊಡೆಯ ಮೇಲೆ ತಲೆಯಿಟ್ಟು ಬಿದ್ದುಕೊಂಡಿದ್ದಳು.

ಗಂಗಯ್ಯ ಹತ್ತಿರ ಬಂದು, "ಚೊಲೊ ಮಾಡಿದಿ ರಾಯವ್ವಾ. ಇಷ್ಟ ದಿನದ ಮ್ಯಾಲಾದರೂ ಖರೆ ಮಾತ ಆಡಿದಿ" ಎಂದ. ರಾಯವ್ವ ಅವನನ್ನು ದುರುಗುಟ್ಟಿ ನೋಡಿದಳು.

ಅವಳು ಮನೆಗೆ ಬಂದಳು. ಹಸಿ ಸೀರೆಯಲ್ಲೇ ಹಿತ್ತಲ ಬಾಗಿಲಿಗೆ ಹೋಗಿ, ಅಂಚಿಗೆ ಕೈ ಊರಿ, ಹೊರಗೆ ನೋಡುತ್ತ ಗಟ್ಟಿಯಾಗಿಯೇ ಹೇಳಿದಳು. "ಕೂಸಿನ ಸಲುವಾಗಿ ಅಂದೆ. ಮನಸಿಗೆ ಹಚ್ಚಿಕೋಬ್ಯಾಡ್ರಿ. ನೀವು ಬರ್ರಿ." ಊರ ಮುಂದೆ ಒಪ್ಪಿಕೊಂಡದ್ದನ್ನು ಮನೆಯಲ್ಲಿ ಒಪ್ಪಿಕೊಳ್ಳಲು ಅವಳು ತಯಾರಿರಲಿಲ್ಲ. ಗಂಡನ ಮೇಲೆ ಊರೆದುರು ಸುಳ್ಳು ಹೇಳಿ ಬಂದವಳಂತೆ ಆ ಸಂಜೆ ನಾಚಿಕೊಂಡಳು.

ಎರಡು ಮೂರು ದಿನಕ್ಕೆ ಮಳೆ ಹೊಳವಾಯಿತು. ಕಾರಹುಣ್ಣಿಮೆ ಹತ್ತಿರವಿತ್ತು. ಹೊತ್ತು ಇಳಿಯುವಾಗ ರಾಯವ್ವ ಉಣ್ಣೆ ಹಿಡಿದು ಎಂದಿನ ಜಾಗದಲ್ಲಿ ಕುಳಿತಿದ್ದಳು. ಹಿತ್ತಲಲ್ಲಿ ಸಪ್ಪಳವಾಯಿತು. ಆಡಿನದಲ್ಲ, ಬೆಕ್ಕಿನದಲ್ಲ. ಮನುಷ್ಯರ ಹೆಜ್ಜೆ. ನಿಧಾನವಾಗಿ, ಗುರುತಿದ್ದವರಂತೆ, ನೆಟ್ಟಗೆ ಬಾಗಿಲ ಕಡೆಗೇ ಬರುತ್ತಿತ್ತು.

ತೊಡೆಯ ಮೇಲಿನ ಉಣ್ಣೆ ಕೆಳಗೆ ಬಿತ್ತು. ಎದ್ದಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು. ಅಳುವೂ ನಗುವೂ ಒಟ್ಟಿಗೆ ನುಗ್ಗಿ ಬಂದವು.

"ಬಂದ್ರ್ಯಾ?" ಎಂದಳು.

"ಹ್ಞೂಂ ಬೇ, ಬಂದೆ" ಎನ್ನುತ್ತ ಶಟ್ಟೆವ್ವ ಆ ಇಕ್ಕಟ್ಟು ಬಾಗಿಲಲ್ಲಿ ತಲೆ ಹಾಕಿದಳು. ಕೈಯಲ್ಲಿ ಒಡೆದ ಗಡಿಗೆಯ ತುಂಡು. "ಒಲಿ ಆರೇತಿ, ಒಂದೀಟು ಕೆಂಡಾ ಕೊಡು. ಮುಂದ ಸುತ್ತಿ ಬರೂದ್ಯಾಕಂತ ಬೇಲಿ ದಾಟಿ ಹಿಂದಿಂದ ಬಂದೆ. ಬರೂದಿಲ್ಲಂತ ನೀನಽ ಹೇಳೀದಿ, ಇನ್ನೇನು ಹೆದರಿಕಿ?"

ಹೇಳುತ್ತ ಹೇಳುತ್ತ ಶಟ್ಟೆವ್ವ ಗೆಳತಿಯ ಮುಖ ನೋಡಿದಳು. ತಲೆಯ ಮೇಲಿನ ಸೆರಗು ನೋಡಿದಳು.

"ಯಾರಂತ ತಿಳಕೊಂಡಿ ಬೇ, ರಾಯವ್ವಾ?"

"ಯಾರೂ ಇಲ್ಲ" ಎಂದಳು ರಾಯವ್ವ. "ಒಳಗ ಬಾ."

ಒಲೆಯ ಹತ್ತಿರ ಹೋಗಿ ಕೂತಳು. ಕೆಂಡ ತೆಗೆಯಲು ಕೈ ಏಳಲಿಲ್ಲ. ಶಟ್ಟೆವ್ವ ಗಡಿಗೆಯ ತುಂಡನ್ನು ಬದಿಗಿಟ್ಟು ಪಕ್ಕದಲ್ಲಿ ಕುಳಿತು, ಅವಳ ಬೆನ್ನ ಮೇಲೆ ಕೈಯಿಟ್ಟಳು. ಮುದಕಪ್ಪ ಸತ್ತನೆಂದು ರಾಯವ್ವ ಅತ್ತದ್ದು ಅವತ್ತೇ.